ಸ್ಟೆಂಟಿಗೆ ಕಾರ್ಡುಂಟು, ಮಾತ್ರೆಗೆ?

ಮೊನ್ನೆ ಮರವಂತೆಗೆ ಹೋಗಿದ್ದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ... ಆ ಫೋಟೋ ನೀವೆಲ್ಲ ನೋಡಿದ್ದೀರಿ. ಫೋಟೋದಲ್ಲಿ ಕಾಣದ ಒಂದು ವಿಷಯ ಹೇಳಬೇಕಿತ್ತು.

ನಾಡದೋಣಿಗೆ ಹೋಗುತ್ತಿದ್ದ ನಮ್ಮ ಮಾವನಿಗೆ ಹೋದ ವರ್ಷ ಸ್ಟೆಂಟ್ ಹಾಕಿದರು. ಬಿಪಿಎಲ್ ಕಾರ್ಡಿನಲ್ಲೇ ಆಯಿತು. "ಎಲ್ಲ ಫ್ರೀ ಉಂಟಲ್ಲ ಮಾರಾಯ್ರೆ, ಇನ್ನೆಂತ ಬೇಕು?" ಎನ್ನುವವರಿಗಾಗಿಯೇ ಈ ಬರಹ.

ಆದದ್ದನ್ನು ಇಲ್ಲ ಅನ್ನುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದ್ದರಿಂದ ಲಕ್ಷ ದಾಟುತ್ತಿದ್ದ ಸ್ಟೆಂಟು 30 ಸಾವಿರದ ಆಸುಪಾಸಿಗೆ ಇಳಿಯಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಮಾತ್ರ, ಉಳಿದದ್ದಕ್ಕೆ ಅವರು ಚಿನ್ನ ಅಡವಿಡಬೇಕು.

ಆದರೆ ಈ ಕಾರ್ಡು ಆಸ್ಪತ್ರೆ ಮಂಚದ್ದು. ಮಂಚ ಇಳಿದ ಮೇಲೆ?

ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ತಿನ್ನಬೇಕು. ಕೊಲೆಸ್ಟರಾಲ್ ಮಾತ್ರೆ ಜೀವನಪೂರ್ತಿ. ಮೇಲೆ ರಕ್ತಪರೀಕ್ಷೆ, ಮಣಿಪಾಲಕ್ಕೆ ಬಸ್ಸು, ಜೊತೆಗೆ ಹೋಗುವವರ ಒಂದು ದಿನದ ಸಂಬಳ. ಇತ್ತ ಬಲೆ ಎಳೆಯಬಾರದು ಅಂದಿದ್ದಾರೆ. ದೋಣಿಗೆ ಹೋಗದವನಿಗೆ ಪಾಲೆಲ್ಲಿ? ಮಗ ಬೋಟಿಗೆ ಹೋಗುತ್ತಾನೆ. ಜೂನ್-ಜುಲೈ 61 ದಿನ ಬೋಟಿಗೆ ರಜೆ. ಮಾತ್ರೆಗೆ ರಜೆ ಉಂಟಾ?

ಮಾವ ತಾನೇ ರಜೆ ಕೊಟ್ಟಿದ್ದರು! "ದಿನ ಬಿಟ್ ದಿನ ತಿಂದ್ರೆ ಒಂದ್ ತಿಂಗ್ಳ್ ಮಾತ್ರಿ ಎರಡ್ ತಿಂಗ್ಳಿಗ್ ಬತ್ತಲ್ದಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಈ ಮಾತ್ರೆ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗಬಹುದು. ಆಗ ಅದೇ ಕಾರ್ಡು ಮತ್ತೆ ದೊಡ್ಡ ಬಿಲ್ಲು ಕಟ್ಟುತ್ತದೆ, ಜೀವ ಉಳಿದಿದ್ದರೆ! ಮಂಚಕ್ಕೆ ದುಡ್ಡು ಕೊಡುವ ಸರ್ಕಾರಕ್ಕೆ ಮಾತ್ರೆಗೆ ಕೊಡುವುದು ಭಾರವೇ? ಇದೆಂಥ ಲೆಕ್ಕ?

ಜನೌಷಧಿಯಲ್ಲಿ ಕಡಿಮೆಗೆ ಸಿಗುತ್ತದಲ್ಲ ಅಂತೀರಿ. ಸಿಗುತ್ತದೆ, ಮಾವನಿಗೂ ಅದನ್ನೇ ಕೊಡಿಸಿ ಬಂದೆ. ಆದರೆ ಚೀಟಿಯಲ್ಲಿ ಕಂಪನಿಯ ಹೆಸರು ಬರೆದಿದ್ದರೆ, ಬೇರೆಯದು ತಿನ್ನಲು ಜನ ಹೆದರುತ್ತಾರೆ. "ಎರಡೂ ಒಂದೇ, ಧೈರ್ಯವಾಗಿ ತಿನ್ನಿ" ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಬೇಕು.

ನಾನು ಕೇಳುವುದು ಇಷ್ಟೆ. ಸ್ಟೆಂಟಿನ ಪ್ಯಾಕೇಜಿಗೆ ಒಂದು ವರ್ಷದ ಮಾತ್ರೆಯನ್ನೂ ಸೇರಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ತಪ್ಪದೆ ಕೊಡಿ. ಅಲ್ಲಿಯವರೆಗೆ ಫ್ರೀ ಅನ್ನಬೇಡಿ.

ನಿಮ್ಮ ಮನೆಯಲ್ಲೂ ಸ್ಟೆಂಟ್ ಹಾಕಿದವರಿದ್ದರೆ ಒಮ್ಮೆ ಅವರ ಮಾತ್ರೆ ಎಣಿಸಿ ನೋಡಿ. ಮುಗಿದಿರಬೇಕಾದ್ದು ಉಳಿದಿದ್ದರೆ ಬೈಯಬೇಡಿ, ಕಾರಣ ಕೇಳಿ.