ಪದಕ ಕೊಟ್ಟವರು ಮತ್ತೊಮ್ಮೆ ಬರಲಿ

ಕಾದಂಬರಿಗೆ ಪ್ರಶಸ್ತಿ ಕೊಡುವವರಿಗೆ ಒಂದು ನೆಮ್ಮದಿಯಿದೆ: ಅಚ್ಚಾದ ಮೇಲೆ ಅದು ಬದಲಾಗುವುದಿಲ್ಲ. ಕಟ್ಟಡ ಹಾಗಲ್ಲ. ಉದ್ಘಾಟನೆಯ ಮರುದಿನದಿಂದಲೇ ಮಳೆ ಬಿಸಿಲು ಅದರ ಮೇಲೆ ಕೆಲಸ ಶುರುಮಾಡುತ್ತವೆ. ಒಳಗಿರುವವರು ಗೋಡೆ ಒಡೆಯುತ್ತಾರೆ, ಶೀಟು ಹೊದಿಸುತ್ತಾರೆ. ಇನ್ನು ಬಡಾವಣೆಯ ಗುಣ ತಿಳಿಯಬೇಕಾದರೆ ಅಲ್ಲಿ ಒಂದು ತಲೆಮಾರು ಬಾಳಬೇಕು. ಹಾಗಿದ್ದರೆ ವಾಸ್ತುಶಿಲ್ಪಕ್ಕೂ ನಗರ ಯೋಜನೆಗೂ ಸಲ್ಲುವ ಅಂತರರಾಷ್ಟ್ರೀಯ ಪ್ರಶಸ್ತಿಗಳು ಅಳೆಯುತ್ತಿರುವುದಾದರೂ ಏನನ್ನು?

ಎಲ್ಲರ ಬಾಯಲ್ಲಿರುವ ಹೆಸರು ಪ್ರಿಟ್ಜ್‌ಕರ್. ಅಮೆರಿಕದ ಹಯಾತ್ ಫೌಂಡೇಶನ್ 1979ರಿಂದ ಕೊಡುತ್ತಿರುವ ಈ ಪ್ರಶಸ್ತಿಯಲ್ಲಿ ಒಂದು ಲಕ್ಷ ಡಾಲರ್ ಮತ್ತು ಕಂಚಿನ ಪದಕವಿದೆ. ಅದು ಸಲ್ಲುವುದು ಕಟ್ಟಡಕ್ಕಲ್ಲ, ವಾಸ್ತುಶಿಲ್ಪಿಗೆ. ಭಾರತಕ್ಕೆ ಮೊದಲ ಬಾರಿ ಬಂದದ್ದು 2018ರಲ್ಲಿ, ಬಾಲಕೃಷ್ಣ ದೋಶಿಯವರ ತೊಂಬತ್ತನೆಯ ವಯಸ್ಸಿನಲ್ಲಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ಕಲ್ಪನೆ. ಒರಟು ಕಲ್ಲಿನ ಗೋಡೆ, ಬಿಸಿಲು ನೆರಳು ಕಲೆಸಿಕೊಂಡ ಉದ್ದನೆಯ ಓಣಿಗಳು, ಹಬ್ಬಿದ ಬಳ್ಳಿ. ವಯಸ್ಸಾದಂತೆ ಕಳೆಗಟ್ಟಿದ ಕಟ್ಟಡ ಅದು. ದೋಶಿಯವರಿಗೆ ತಡವಾಗಿ ಬಂತೆಂದು ಆಗ ಹಲವರು ಗೊಣಗಿದರು. ನನಗೆ ಆ ತಡವೇ ಸರಿಯೆನಿಸುತ್ತದೆ, ಅಷ್ಟು ಹೊತ್ತಿಗೆ ಅವರ ಕಟ್ಟಡಗಳೇ ಸಾಕ್ಷಿ ಹೇಳಲು ಬೆಳೆದಿದ್ದವು.

ಆದರೆ ವ್ಯಕ್ತಿಗೆ ಕೊಡುವ ಪ್ರಶಸ್ತಿಗೆ ಹುಟ್ಟಿನಿಂದಲೇ ಒಂದು ಊನವಿದೆ. ಕಟ್ಟುವುದು ಯಾವ ಕಾಲಕ್ಕೂ ಒಬ್ಬರ ಕೆಲಸವಲ್ಲ. 1991ರಲ್ಲಿ ರಾಬರ್ಟ್ ವೆಂಚೂರಿ ಅವರನ್ನು ಆರಿಸಿದಾಗ, ಅವರ ಪತ್ನಿಯೂ ಕಚೇರಿಯ ಪಾಲುದಾರರೂ ಆಗಿದ್ದ, ನಗರ ಯೋಜನೆಯಲ್ಲಿ ಪಳಗಿದ ಡೆನಿಸ್ ಸ್ಕಾಟ್ ಬ್ರೌನ್ ಅವರನ್ನು ಬಿಟ್ಟರು. 2013ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿನಿಯರು ಸಹಿ ಸಂಗ್ರಹಿಸಿ ತಪ್ಪು ಸರಿಪಡಿಸಿ ಎಂದು ಕೇಳಿದರೆ, ಹಿಂದಿನ ತೀರ್ಪುಗಾರರ ನಿರ್ಧಾರವನ್ನು ಈಗಿನವರು ಮುಟ್ಟಲಾರರು ಎಂಬ ಉತ್ತರ ಬಂತು. ನ್ಯಾಯಾಲಯಗಳೇ ಮರುಪರಿಶೀಲನೆಗೆ ಒಪ್ಪುತ್ತವೆ!

ಈ ವಿಷಯದಲ್ಲಿ 1977ರಲ್ಲಿ ಸ್ಥಾಪನೆಯಾದ ಆಗಾ ಖಾನ್ ಪ್ರಶಸ್ತಿ ಹೆಚ್ಚು ಪ್ರಾಮಾಣಿಕವಾದದ್ದು. ಮೂರು ವರ್ಷಕ್ಕೊಮ್ಮೆ, ಹತ್ತು ಲಕ್ಷ ಡಾಲರ್. ಮುಸ್ಲಿಂ ಸಮುದಾಯಗಳು ಗಣನೀಯವಾಗಿ ಇರುವೆಡೆಯ ಕೆಲಸಗಳನ್ನು ಅದು ಪರಿಗಣಿಸುತ್ತದೆ. ಹಣವನ್ನು ವಾಸ್ತುಶಿಲ್ಪಿ, ಕಟ್ಟಿಸಿದವರು, ಎಂಜಿನಿಯರ್, ಕುಶಲಕರ್ಮಿ ಹೀಗೆ ಹಂಚಬಹುದು. 1983ರಲ್ಲಿ ಮಾಲಿ ದೇಶದ ನಿಯೋನೊ ಊರಿನ ಮಣ್ಣಿನ ಮಸೀದಿಗೆ ಗೌರವ ಸಂದಾಗ ಅದನ್ನು ಪಡೆದವರು ಲಸಿನೆ ಮಿಂಟಾ ಎಂಬ ಮೇಸ್ತ್ರಿ. ಅಂತಿಮ ಪಟ್ಟಿಯ ಪ್ರತಿಯೊಂದು ಜಾಗಕ್ಕೂ ಪರಿಣತರು ಖುದ್ದಾಗಿ ಹೋಗಿ ನೋಡಿ ವರದಿ ಕೊಡುತ್ತಾರೆ. ಕಟ್ಟಡ ಕನಿಷ್ಠ ಒಂದು ವರ್ಷವಾದರೂ ಬಳಕೆಯಲ್ಲಿರಬೇಕು.

ಒಂದು ವರ್ಷ ಸಾಕೇ? ಇಂದೋರ್ ನಗರವನ್ನೇ ನೋಡಿ. 1995ರಲ್ಲಿ ಅಲ್ಲಿನ ಅರಣ್ಯ ಬಡಾವಣೆಗೆ ಈ ಪ್ರಶಸ್ತಿ ಬಂತು. ಅದೂ ದೋಶಿಯವರದೇ. ಬಡವರಿಗೆ ಮನೆ ಕಟ್ಟಿಕೊಡಲು ಸರ್ಕಾರದ ಬಳಿ ಹಣವಿರಲಿಲ್ಲ. ಆದ್ದರಿಂದ ಪಾಯ, ಶೌಚಾಲಯ, ನೀರು, ಒಳಚರಂಡಿ ಇಷ್ಟನ್ನು ಒದಗಿಸಿದ ಸಣ್ಣ ನಿವೇಶನ ಕೊಟ್ಟು, ಉಳಿದದ್ದನ್ನು ಕೈಯಲ್ಲಿ ಕಾಸಾದಂತೆ ನೀವೇ ಕಟ್ಟಿಕೊಳ್ಳಿ ಎಂದರು. ದೊಡ್ಡ ನಿವೇಶನಗಳನ್ನು ಲಾಭಕ್ಕೆ ಮಾರಿ ಸಣ್ಣವುಗಳ ಹೊರೆ ಇಳಿಸಿದರು. ಮಾದರಿಗೆಂದು ಕಟ್ಟಿದ ಎಂಬತ್ತು ಮನೆಗಳ ಜಗಲಿ, ಹೊರಮೆಟ್ಟಿಲುಗಳ ಚಿತ್ರ ಎಲ್ಲ ಪಠ್ಯಗಳಲ್ಲೂ ಇದೆ. ಆದರೆ ಈ ಯೋಜನೆಯ ನಿಜವಾದ ಜಾಣತನ ಚಿತ್ರದಲ್ಲಿ ಕಾಣದ ಆ ಲೆಕ್ಕಾಚಾರದ್ದು.

ಅದೇ ಊರಿನ ಇನ್ನೊಂದು ಕೆಲಸಕ್ಕೆ 1998ರಲ್ಲಿ ಪ್ರಶಸ್ತಿ. ಕೊಳೆಗೇರಿಗಳ ಮೂಲಕ ಒಳಚರಂಡಿ ಹಾಯಿಸಿ, ಅವನ್ನು ನೀರಿನ ಸಹಜ ಇಳಿಜಾರಿನ ಗುಂಟ ಇಡೀ ನಗರದ ಜಾಲಕ್ಕೆ ಜೋಡಿಸುವ ಯೋಜನೆ. ಆಲೋಚನೆ ಸೊಗಸಾಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಯೋಜನಾತಜ್ಞೆ ಗೀತಾ ದೇವನ್ ವರ್ಮಾ ಅಲ್ಲಿ ಹೋಗಿ ನೋಡಿ, ಕಟ್ಟಿಕೊಂಡ ಕೊಳವೆ, ಸಾಲದ ನೀರು, ಸಂಪರ್ಕವೇ ಇಲ್ಲದ ಮನೆಗಳ ಕಥೆ ಬರೆದರು. ನೀರು ಹರಿಯದಿದ್ದರೆ ಒಳಚರಂಡಿ ಹೂತಿಟ್ಟ ಪೈಪು, ಅಷ್ಟೇ. ಪದಕವಂತೂ ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ.

ಬೇಗ ಕೊಟ್ಟರೆ ಒಳ್ಳೆಯ ಪ್ರಯೋಗಕ್ಕೆ ಬಲ ಸಿಗುತ್ತದೆ, ಬೇರೆ ಊರುಗಳೂ ಅನುಸರಿಸುತ್ತವೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಅನುಸರಿಸುವುದು ತಪ್ಪನ್ನೂ ಆಗಬಹುದಲ್ಲ? ನಗರಪಾಲಿಕೆಗಳು ಪ್ರಶಸ್ತಿಪತ್ರವನ್ನು ಮುಂದಿನ ಸಾಲದ ಅರ್ಜಿಗೆ ಲಗತ್ತಿಸುತ್ತವೆ. ಮ್ಯಾನ್‌ಹೋಲ್ ಶುಚಿಮಾಡುವ ಬಜೆಟ್ಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದ್ದರಿಂದ ಹಣವನ್ನು ಎರಡು ಕಂತಾಗಿ ಕೊಡಲಿ: ಅರ್ಧ ಈಗ, ಉಳಿದರ್ಧ ಹತ್ತು ವರ್ಷದ ನಂತರ, ತೀರ್ಪುಗಾರರು ಮತ್ತೆ ಅದೇ ಬೀದಿಗೆ ಬಂದು ಅಲ್ಲಿನ ಹೆಂಗಸರನ್ನು ಮಾತನಾಡಿಸಿ, ನಲ್ಲಿ ತಿರುಗಿಸಿ ನೋಡಿದ ಮೇಲೆ.

ಕಾಯುವ ಪ್ರಶಸ್ತಿ ಹೊಸತೇನಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1969ರಿಂದ, ಕಾಲು ಶತಮಾನ ಬಾಳಿದ ಕಟ್ಟಡಗಳಿಗೆಂದೇ ಒಂದು ಗೌರವ ಮೀಸಲಿಟ್ಟಿದೆ. 2018ರಲ್ಲಿ ಅದರ ತೀರ್ಪುಗಾರರಿಗೆ ಯಾವ ಕಟ್ಟಡವೂ ಒಪ್ಪಿಗೆಯಾಗಲಿಲ್ಲ. ಆ ವರ್ಷ ಯಾರಿಗೂ ಕೊಡಲಿಲ್ಲ.