ಇದು ತಂಜಾವೂರಲ್ಲ, ಮೈಸೂರು

ಚಿನ್ನದ ಹೊಳಪಿರುವ ದೇವರ ಪಟವೆಲ್ಲವೂ ತಂಜಾವೂರಿನದೆಂಬ ಭ್ರಮೆ ನಮ್ಮ ತುಮಕೂರು ಸೀಮೆಯಲ್ಲಿ ಬೇರೂರಿಬಿಟ್ಟಿದೆ. ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರೂ, ಕಟ್ಟು ಹಾಕುವ ಅಂಗಡಿಯವರೂ, ವಿದ್ಯಾವಂತರೆನಿಸಿಕೊಂಡವರೂ ಹಾಗೆಯೇ ಕರೆಯುತ್ತಾರೆ. ತಿದ್ದಹೊರಟರೆ, "ಯಾವುದಾದರೇನು ಮೇಷ್ಟ್ರೇ, ಚಿನ್ನ ಚಿನ್ನವೇ ಅಲ್ಲವೇ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಲ್ಲ ಸ್ವಾಮಿ, ವ್ಯತ್ಯಾಸವಿರುವುದೇ ಆ ಚಿನ್ನದಲ್ಲಿ.

ತಂಜಾವೂರಿನವರು ಹಲಗೆಯ ಮೇಲೆ ಬಟ್ಟೆ ಅಂಟಿಸಿ, ಒಡವೆಗಳನ್ನು ದಪ್ಪನಾಗಿ ಉಬ್ಬಿಸಿ, ಚಿನ್ನದ ರೇಕನ್ನೂ ಗಾಜಿನ ಹರಳುಗಳನ್ನೂ ಕೂರಿಸುತ್ತಾರೆ. ಅದರ ವೈಭವ ಅದಕ್ಕಿರಲಿ. ವಿಜಯನಗರದ ಬೇರಿನಿಂದಲೇ ಚಿಗುರಿದ ಸೋದರಕಲೆ ಅದು. ಮೈಸೂರಿನ ಚಿತ್ರಗಾರನ ದಾರಿ ಬೇರೆ. ಆತ ಹಲಗೆಗೆ ಕಾಗದ ಅಂಟಿಸಿ, ಸುಟ್ಟ ಹುಣಸೆಕಡ್ಡಿಯ ಇದ್ದಿಲಿನಿಂದ ರೇಖೆ ಬರೆದು, ನೀರುಬಣ್ಣ ತುಂಬುತ್ತಾನೆ. ಬಿಳಿಯ ಸಫೇದಕ್ಕೆ ಮಕ್ಕಿಯೆಂಬ ಹಳದಿ ಅಂಟನ್ನೂ ಗೋಂದನ್ನೂ ಬೆರೆಸಿದ ‘ಮಕ್ಕಿ ಸಫೇದ’ದಿಂದ ಒಡವೆ, ಸೆರಗಿನಂಚುಗಳನ್ನು ಕಂಡೂ ಕಾಣದಷ್ಟು ಎತ್ತರಿಸಿ, ಮೇಲೆ ರೇಕು ಹಚ್ಚಿ, ತೆಳುಕಾಗದ ಹೊದಿಸಿ ನುಣುಪುಕಲ್ಲಿನಿಂದ ಉಜ್ಜುತ್ತಾನೆ. ದೇವಿಯ ಮೂಗುತಿ ಕಾಣಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಅವಳ ಕಣ್ಣು ಕಾಣಬೇಕು. ಈ ಸಂಯಮವನ್ನು ಬಡತನವೆಂದು ತಿಳಿಯುವವರಿಗೆ ಏನು ಹೇಳೋಣ?

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 1831ರಲ್ಲಿ ಆಡಳಿತವನ್ನು ಕಳೆದುಕೊಂಡ ಮೇಲೂ ಚಿತ್ರಗಾರರನ್ನು ಕೈಬಿಡಲಿಲ್ಲ. ಅವರ ಆಶ್ರಯದಲ್ಲಿ ರೂಪುಗೊಂಡ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳಲ್ಲಿ ದೇವತಾಮೂರ್ತಿಗಳ ಲಕ್ಷಣಗಳನ್ನು ಚಿತ್ರಸಹಿತ ವಿವರಿಸುತ್ತದೆ. ಕುಣಿಗಲ್ಲಿನ ಕುದುರೆ ಫಾರಂ ಎಂದರೆ ಅರಮನೆಯ ಹೆಸರು ಹೇಳಿ ಎದೆಯುಬ್ಬಿಸುವ ನಾವು, ಅದೇ ಅರಮನೆಯ ಚಿತ್ರಕ್ಕೆ ಮಾತ್ರ ನೆರೆಯೂರಿನ ಹೆಸರಿಡುತ್ತೇವೆ! ಕೇಂದ್ರ ಸರ್ಕಾರವೇ ಎರಡಕ್ಕೂ ಪ್ರತ್ಯೇಕ ಭೌಗೋಳಿಕ ಸೂಚಕದ ಮಾನ್ಯತೆ ಕೊಟ್ಟಿರುವುದು ನಮಗೆ ಲೆಕ್ಕಕ್ಕಿಲ್ಲ.

ಹೆಸರಿನಲ್ಲೇನಿದೆ ಎನ್ನಬಹುದು. ಕೊಳ್ಳುವವರು ಹರಳು ಎಣಿಸಿ ಬೆಲೆ ಕಟ್ಟಿದರೆ, ತಿಂಗಳುಗಟ್ಟಲೆ ಕುಳಿತು ಎಳೆಯೆಳೆಯಾಗಿ ಮುಖ ಬರೆಯುವವನು ಏನು ಮಾಡಿಯಾನು? ಅವನೂ ಪ್ಲಾಸ್ಟಿಕ್ ಹರಳು ಅಂಟಿಸುತ್ತಾನೆ, ಇಲ್ಲವೇ ಕುಂಚವನ್ನು ಕೆಳಗಿಡುತ್ತಾನೆ. ಗುಬ್ಬಿಯ ಕಡೆಯ ಮನೆಯೊಂದರಲ್ಲಿ ತಾತನ ಕಾಲದ ಪಟ್ಟಾಭಿಷೇಕದ ಪಟವನ್ನು ‘ಹೊಸದು ಮಾಡಿಸಿ’, ಸೀತೆಯ ಸೆರಗಿಗೆ ಎಣ್ಣೆಬಣ್ಣ ಬಳಿಸಿ, ಕಿರೀಟಕ್ಕೆ ಕೆಂಪು ಹರಳು ಮೆತ್ತಿಸಿದ್ದನ್ನು ಕಂಡಿದ್ದೇನೆ. ಮನೆಯವರ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ನಿಮ್ಮ ಮನೆಯ ದೇವರಕೋಣೆಯಲ್ಲಿಯೂ ಅಂಥ ಹಳೆಯ ಪಟವಿದ್ದರೆ, ಹಬ್ಬದ ಸಡಗರದಲ್ಲಿ ಗಾಜು ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಲು ಹೊರಡಬೇಡಿ. ಅಡಿಯಲ್ಲಿರುವುದು ಕಾಗದ, ಮೇಲಿರುವುದು ನೀರುಬಣ್ಣ.