ಕೊಯ್ದು ತೆಗೆದರೂ ಮರಳುವ ಕರುಳುಬೇನೆ

1956ರ ಜೂನ್ 9ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವೈದ್ಯರು ತಮ್ಮ ದೇಶದ ಅಧ್ಯಕ್ಷರಿಗೇ ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. 65 ವರ್ಷದ ಡ್ವೈಟ್ ಐಸೆನ್‌ಹೋವರ್ ಅವರ ಸಣ್ಣ ಕರುಳಿನ ಕೊನೆಯ ಭಾಗ ಉರಿಯೂತದಿಂದ ಕಿರಿದಾಗಿ ಕಟ್ಟಿಕೊಂಡಿತ್ತು. ಕಾಯಿಲೆಯ ಹೆಸರು ಕ್ರೋನ್ಸ್. ಕೆಟ್ಟ ಭಾಗವನ್ನು ಬಳಸಿಕೊಂಡು ಹೋಗುವಂತೆ ಸಣ್ಣ ಕರುಳನ್ನು ದೊಡ್ಡ ಕರುಳಿಗೆ ಜೋಡಿಸಿ ವೈದ್ಯರು ಹೊಸ ದಾರಿ ಮಾಡಿದರು. ನವೆಂಬರಿನಲ್ಲಿ ಚುನಾವಣೆ. ಹಿಂದಿನ ವರ್ಷವಷ್ಟೇ ಅವರಿಗೆ ಹೃದಯಾಘಾತವೂ ಆಗಿತ್ತು. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಕರುಳುಬೇನೆ ಮತ್ತೆ ಬರುವುದೇ?

ಉತ್ತರ ಹೇಳಲು ವೈದ್ಯರ ಬಳಿ ಅನುಭವದ ಅಂದಾಜು ಬಿಟ್ಟರೆ ಬೇರೇನೂ ಇರಲಿಲ್ಲ. ಐಸೆನ್‌ಹೋವರ್ ಅದೃಷ್ಟವಂತರು. ಚುನಾವಣೆ ಗೆದ್ದು, 1961ರ ಜನವರಿಯವರೆಗೆ ಅಧಿಕಾರಾವಧಿ ಪೂರೈಸಿದರು. ಎಲ್ಲ ರೋಗಿಗಳಿಗೂ ಆ ಅದೃಷ್ಟ ಇರುವುದಿಲ್ಲ.

ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ‍್ರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 1932ರಲ್ಲಿ 14 ರೋಗಿಗಳ ವಿವರ ಕೊಟ್ಟು ಈ ಬೇನೆಯನ್ನು ವರ್ಣಿಸಿದರು. ಹೊಟ್ಟೆನೋವು, ಭೇದಿ, ಜ್ವರ, ತೂಕ ಇಳಿಯುವುದು ಇದರ ಲಕ್ಷಣಗಳು. ಕೆಟ್ಟ ಭಾಗವನ್ನು ಕೊಯ್ದು ತೆಗೆದರೆ ರೋಗದ ಬೇರೇ ಹೋಯಿತು ಎಂಬ ಭರವಸೆ ಆಗ ಇತ್ತು. ಆದರೆ ಕೊಯ್ದು ಜೋಡಿಸಿದ ಜಾಗದಲ್ಲಿಯೇ, ಅದರಲ್ಲೂ ಜೋಡಣೆಯ ಮೇಲ್ಭಾಗದ ಸಣ್ಣ ಕರುಳಿನಲ್ಲಿ, ಹುಣ್ಣುಗಳು ಮತ್ತೆ ಏಳುವುದು ಕಾಲಕ್ರಮದಲ್ಲಿ ಕಂಡುಬಂತು. ತೆಗೆದದ್ದು ರೋಗ ಹಿಡಿದ ತುಂಡನ್ನು. ರೋಗ ತರುವ ಪ್ರವೃತ್ತಿ ದೇಹದಲ್ಲೇ ಉಳಿದಿರುತ್ತದೆ.

ಮರಳುವಿಕೆಯನ್ನು ಮುಂಚೆಯೇ ತಿಳಿಯುವ ದಾರಿ ತೋರಿಸಿದವರು ಬೆಲ್ಜಿಯಂ ದೇಶದ ಲ್ಯೂವೆನ್ ನಗರದ ವೈದ್ಯ ಪಾಲ್ ರಟ್‌ಗೀರ್ಟ್ಸ್ ಮತ್ತು ಸಂಗಡಿಗರು. ಶಸ್ತ್ರಚಿಕಿತ್ಸೆ ಆದ 89 ರೋಗಿಗಳ ಕರುಳಿನೊಳಗೆ ಅವರು ಕೊಲೊನೋಸ್ಕೋಪ್ ಎಂಬ ಬಳುಕುವ ನಳಿಕೆ ತೂರಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಒಂದು ವರ್ಷದೊಳಗೆ ಶೇ 73 ಮಂದಿಯ ಕರುಳಿನಲ್ಲಿ ಹೊಸ ಹುಣ್ಣುಗಳಿದ್ದವು. ಆದರೆ ನೋವು, ಭೇದಿ ಎಂದು ದೂರುತ್ತಿದ್ದವರು ಶೇ 20 ಮಂದಿ ಮಾತ್ರ. ಉಳಿದವರು ‘ಚೆನ್ನಾಗಿದ್ದೇವೆ’ ಎಂದೇ ತಿಳಿದಿದ್ದರು.

ಕಂಡದ್ದನ್ನು ರಟ್‌ಗೀರ್ಟ್ಸ್ ಸೊನ್ನೆಯಿಂದ ನಾಲ್ಕರವರೆಗೆ ಅಂಕಗಳಲ್ಲಿ ಅಳೆದರು. ಹುಣ್ಣೇ ಇಲ್ಲದಿದ್ದರೆ ಸೊನ್ನೆ. ಬಾಯಿಹುಣ್ಣಿನಂಥ ಪುಟ್ಟ ಹುಣ್ಣುಗಳು ಐದರೊಳಗಿದ್ದರೆ ಒಂದು. ಅದಕ್ಕಿಂತ ಹೆಚ್ಚಿದ್ದು ನಡುವಿನ ಒಳಪೊರೆ ಚೆನ್ನಾಗಿದ್ದರೆ, ಇಲ್ಲವೇ ಗಾಯ ಜೋಡಣೆಯ ಜಾಗಕ್ಕಷ್ಟೇ ಸೀಮಿತವಾಗಿದ್ದರೆ ಎರಡು. ಉರಿಯೂತ ಎಲ್ಲೆಡೆ ಹರಡಿದ್ದರೆ ಮೂರು. ದೊಡ್ಡ ಹುಣ್ಣು, ಗಂಟು, ಕಿರಿದಾದ ದಾರಿ ಕಂಡರೆ ನಾಲ್ಕು. ಸೊನ್ನೆ, ಒಂದರವರು ಬಹುಕಾಲ ನೆಮ್ಮದಿಯಾಗಿರುತ್ತಾರೆ. ಮೂರು, ನಾಲ್ಕರವರಲ್ಲಿ ತೊಂದರೆ ಬೇಗನೆ ಮರುಕಳಿಸುತ್ತದೆ. ಇಂದಿಗೂ ವೈದ್ಯರು ಬಳಸುವುದು ಇದೇ ಅಳತೆಗೋಲು.

ಯಾರಿಗೆ ಅಪಾಯ ಹೆಚ್ಚು? ಧೂಮಪಾನಿಗಳಿಗೆ, ಹಿಂದೆಯೂ ಕರುಳು ಕೊಯ್ಯಿಸಿಕೊಂಡವರಿಗೆ, ಕರುಳು ತೂತಾಗಿ ಕೀವುಗಟ್ಟಿದ್ದವರಿಗೆ. ಇವುಗಳಲ್ಲಿ ರೋಗಿಯ ಕೈಯಲ್ಲಿರುವುದು ಮೊದಲನೆಯದು ಮಾತ್ರ. ಬೀಡಿ, ಸಿಗರೇಟು ಬಿಡುವುದು ಔಷಧಿಯಷ್ಟೇ ಮುಖ್ಯ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಇದೆ. ಕರುಳಿನ ಕ್ಷಯವೂ ಸಾಮಾನ್ಯವಾಗಿ ಇದೇ ಜಾಗಕ್ಕೆ ತಗಲುತ್ತದೆ, ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಕ್ಷಯವಾದರೆ ಅದರ ಔಷಧಿಯಿಂದ ಗುಣವಾಗುತ್ತದೆ. ಕ್ರೋನ್ಸ್‌ಗೆ ಕೊಡುವ, ದೇಹದ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧಿ ಅಡಗಿದ ಕ್ಷಯವನ್ನು ಕೆರಳಿಸಬಲ್ಲದು. ಆದ್ದರಿಂದ ಕೊಯ್ದು ತೆಗೆದ ತುಂಡಿನ ಪರೀಕ್ಷಾ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮೊದಲೇ ತಿಳಿದು ಪ್ರಯೋಜನವೇನು ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 174 ರೋಗಿಗಳ ಅಧ್ಯಯನವೊಂದು 2015ರಲ್ಲಿ ಉತ್ತರ ಕೊಟ್ಟಿತು. ಒಂದು ಗುಂಪಿಗೆ ಆರನೇ ತಿಂಗಳಿಗೆ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಕಂಡವರಿಗೆ ಔಷಧಿ ಹೆಚ್ಚಿಸಲಾಯಿತು. ಇನ್ನೊಂದು ಗುಂಪಿಗೆ ಆ ಪರೀಕ್ಷೆ ಇರಲಿಲ್ಲ. ಹದಿನೆಂಟು ತಿಂಗಳಿಗೆ ನೋಡಿದಾಗ ಮೊದಲ ಗುಂಪಿನಲ್ಲಿ ಶೇ 49, ಎರಡನೆಯದರಲ್ಲಿ ಶೇ 67 ಮಂದಿಗೆ ರೋಗ ಮರಳಿತ್ತು. ಆದರೆ ಆರನೇ ತಿಂಗಳಿಗೆ ಔಷಧಿ ಹೆಚ್ಚಿಸುವ ಅಗತ್ಯ ಕಾಣದವರಲ್ಲೂ ಶೇ 41 ಮಂದಿಗೆ ಮುಂದಿನ ಒಂದು ವರ್ಷದಲ್ಲಿ ಹುಣ್ಣು ಎದ್ದಿತ್ತು. ಒಮ್ಮೆ ನೋಡಿ ನಿಶ್ಚಿಂತರಾಗುವಂತಿಲ್ಲ.

ಪದೇ ಪದೇ ನಳಿಕೆ ತೂರಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣ ಅಳೆಯುವ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಉರಿಯೂತವಿದ್ದಲ್ಲಿ ಬಿಳಿ ರಕ್ತಕಣಗಳಿಂದ ಇದು ಒಸರುತ್ತದೆ. ಪ್ರಮಾಣ ಕಡಿಮೆಯಿದ್ದರೆ ಕೊಲೊನೋಸ್ಕೋಪಿಯನ್ನು ಮುಂದೂಡಬಹುದೇ ಎಂದು ವೈದ್ಯರು ಯೋಚಿಸುತ್ತಾರೆ. ಏರುತ್ತಿದ್ದರೆ ಒಳಗೆ ನೋಡಲೇಬೇಕು.

ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಹಸಿವಾಗಿ, ಮೈ ತುಂಬಿಕೊಂಡಾಗ ಆಸ್ಪತ್ರೆಯ ನೆನಪು ಹಾರಿಹೋಗುವುದು ಸಹಜ. ಲ್ಯೂವೆನ್ನಿನ ಬಹುಪಾಲು ರೋಗಿಗಳಿಗೂ ಹಾಗೆಯೇ ಚೆನ್ನಾಗಿದ್ದೇವೆ ಎನಿಸಿತ್ತು. ಆದ್ದರಿಂದ ಮುಂದಿನ ಪರೀಕ್ಷೆಯ ದಿನವನ್ನು ಆಸ್ಪತ್ರೆಯಿಂದ ಹೊರಡುವಾಗಲೇ ಬರೆಸಿಕೊಂಡು, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.